ಅಡ್ಮೆಲ್ಲಾ ಉಗಿಹಡಗು ಕಾಲು ಗಂಟೆಯಲ್ಲಿ ಮೂರು ತುಂಡಾದದ್ದು ಹೇಗೆ?

ಹಾಯಿಪಟ:
1859ರ ಆಗಸ್ಟ್ 6ರ ನಸುಕಿನಲ್ಲಿ ಅಡಿಲೇಡ್‌ನಿಂದ ಮೆಲ್ಬೋರ್ನ್‌ಗೆ ಹೊರಟಿದ್ದ ಅಡ್ಮೆಲ್ಲಾ ಹಡಗು ದಕ್ಷಿಣ ಆಸ್ಟ್ರೇಲಿಯಾದ ಕಾರ್ಪೆಂಟರ್ ರಾಕ್ಸ್ ಬಳಿಯ ಬಂಡೆಸಾಲಿಗೆ ಬಡಿದು, ಅದರಲ್ಲಿದ್ದ 113 ಮಂದಿಯಲ್ಲಿ 89 ಮಂದಿ ಅಸುನೀಗಿದರು. ಕಬ್ಬಿಣದ ಒಡಲು, ನೀರು ಹರಡದಂತೆ ತಡೆಯುವ ಅಡ್ಡಗೋಡೆಗಳು ಎಲ್ಲವೂ ಇದ್ದ, ಕಟ್ಟಿ ಎರಡೇ ವರ್ಷವಾಗಿದ್ದ ಹಡಗು ಅಷ್ಟು ಬೇಗ ಮುರಿದದ್ದೇಕೆ? ದಡ ಕಣ್ಣಿಗೆ ಕಾಣುತ್ತಿದ್ದರೂ ರಕ್ಷಣೆಗೆ ಒಂದು ವಾರ ಹಿಡಿದದ್ದೇಕೆ?

ಲಂಗರು:
ಮುರಿತಕ್ಕೆ ಆ ಅಡ್ಡಗೋಡೆಗಳೇ ದಾರಿ ಮಾಡಿಕೊಟ್ಟವು. ಅವುಗಳನ್ನು ಒಡಲಿನ ತಗಡುಗಳಿಗೆ ಜೋಡಿಸಲು ಸುತ್ತಲೂ ಒತ್ತೊತ್ತಾಗಿ ತೂತು ಕೊರೆದು ರಿವೆಟ್ ಬಡಿದಿದ್ದರಿಂದ, ಅಂಚೆಚೀಟಿಯ ಹಾಳೆಯಲ್ಲಿ ತೂತುಗಳ ಸಾಲಿನಗುಂಟ ಕಾಗದ ಹರಿಯುವಂತೆ, ಒಡಲು ಆ ಗೆರೆಗಳಲ್ಲೇ ಸೀಳಿತು. ತೇಲುತ್ತಿರುವ ಹಡಗಿಗೆ ತೂತು ಬಿದ್ದರೆ ಅಡ್ಡಗೋಡೆ ಕಾಪಾಡುತ್ತದೆ. ಆದರೆ ಬಂಡೆಯ ಮೇಲೆ ಸಿಕ್ಕಿಬಿದ್ದ ಒಡಲನ್ನು ಪ್ರತಿ ಅಲೆಯೂ ಎತ್ತಿ ಕುಕ್ಕುವಾಗ ಅದು ಬಾಗುವ ತೊಲೆಯಾಗುತ್ತದೆ, ಅಲ್ಲಿ ಬೇಕಾದದ್ದು ಬೇರೆಯೇ ಬಗೆಯ ಬಲ.

ದೀಪದ ಕಾವಲು:
ರಕ್ಷಣೆಯ ಬಗ್ಗೆ ಹೇಳುವುದಾದರೆ, ಸುದ್ದಿ ತಲುಪುವುದೇ ತಡವಾಯಿತು. ಇಬ್ಬರು ನಾವಿಕರು ತೆಪ್ಪದಲ್ಲಿ ದಡ ಸೇರಿ, ಕೇಪ್ ನಾರ್ತಂಬರ್‌ಲ್ಯಾಂಡ್‌ನ ದೀಪಸ್ತಂಭದವರೆಗೆ ನಡೆದುಹೋದರು. ಅಲ್ಲಿ ತಂತಿ ಸೌಕರ್ಯವಿರಲಿಲ್ಲ, ಮೌಂಟ್ ಗ್ಯಾಂಬಿಯರ್‌ನಿಂದಲೇ ತಂತಿ ಹೋಗಬೇಕಿತ್ತು. ಅಡಿಲೇಡ್‌ನಿಂದ ಕೋರಿಯೊ, ಪೋರ್ಟ್‌ಲ್ಯಾಂಡ್‌ನಿಂದ ಲೇಡಿಬರ್ಡ್ ಎಂಬ ಹಡಗುಗಳು ಬಂದ ಮೇಲೂ ಬಂಡೆಸಾಲಿನ ಮೇಲೆ ಒಡೆಯುವ ಅಲೆಗಳು ದೋಣಿಗಳನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿದವು. ಅಷ್ಟರಲ್ಲಿ ಅವಶೇಷಕ್ಕೆ ಅಂಟಿಕೊಂಡಿದ್ದವರು ಚಳಿ ಮತ್ತು ಬಾಯಾರಿಕೆಯಿಂದ ಒಬ್ಬೊಬ್ಬರಾಗಿ ಕಡಲಿಗೆ ಜಾರುತ್ತಿದ್ದರು. ಕೆಲವರು ಉಪ್ಪುನೀರನ್ನೇ ಕುಡಿದು ಸತ್ತರು. ಆಗಸ್ಟ್ 13ರಂದು ಜೀವರಕ್ಷಕ ದೋಣಿಗಳು ಕೊನೆಗೂ ಹತ್ತಿರ ಸೇರಿದವು. ಬದುಕುಳಿದ 24 ಮಂದಿಯಲ್ಲಿ ಹೆಂಗಸು ಒಬ್ಬಳೇ, ಬ್ರಿಜೆಟ್ ಲೆಡ್ವಿತ್.

ಹಾಯಿಪಟ:
ವಂದನೆಗಳು. ಹಡಗಿನಲ್ಲಿದ್ದ ಪಂದ್ಯದ ಕುದುರೆಯೊಂದು ಬಿದ್ದದ್ದರಿಂದ, ಅದನ್ನು ಎಬ್ಬಿಸಲೆಂದು ದಿಕ್ಕು ಬದಲಿಸಿದ್ದೇ ದುರಂತಕ್ಕೆ ಕಾರಣವೆಂದು ಹೇಳುತ್ತಾರಲ್ಲ?

ಲಂಗರು:
ಕಥೆ ರುಚಿಕರವಾಗಿದೆ, ಆದ್ದರಿಂದಲೇ ಉಳಿದುಕೊಂಡಿದೆ. ಆದರೆ ಸ್ವಲ್ಪ ಹೊತ್ತು ದಿಕ್ಕು ತಿರುಗಿಸಿದ್ದೊಂದೇ ಇಡೀ ರಾತ್ರಿಯ ಪಯಣವನ್ನು ಅಷ್ಟು ತಪ್ಪಿಸಿತೆಂದು ನಾನು ಒಪ್ಪಲಾರೆ. ಹಡಗನ್ನು ದಡದತ್ತ ತಳ್ಳುವ ಪ್ರವಾಹ, ಕಬ್ಬಿಣದ ಒಡಲಿನಲ್ಲಿ ದಿಕ್ಸೂಚಿ ತಪ್ಪು ತೋರಿಸುವ ಸಾಧ್ಯತೆ, ಇವೆರಡೂ ಹೆಚ್ಚು ನಂಬಲರ್ಹ. ಆ ಭಾಗದ ಕರಾವಳಿಗೆ ಕೇಪ್ ಬ್ಯಾಂಕ್ಸ್‌ನಲ್ಲಿ ದೀಪಸ್ತಂಭ ಬಂದದ್ದು 1883ರಲ್ಲಿ.