‘ಆಕ್ಸಿಜನ್‌ರಹಿತ ರಕ್ತ’ – ಇಲ್ಲಿ ‘ರಹಿತ’ ಸರೀನಾ? ಜೊತೆಗೆ ಅಪಧಮನಿ, ಅಭಿಧಮನಿ, ನರ

ಎಲ್ಲರಿಗೂ ನಮಸ್ಕಾರ. ಒಂದೇ ಪದ ಕೇಳೋಣ ಅಂತ ಶುರು ಮಾಡಿದ್ದು, ಅದನ್ನ ಎಳೆದ್ರೆ ಹಿಂದೆ ಇನ್ನೂ ನಾಲ್ಕೈದು ಬಂದ್ವು, ಉದ್ದ ಆಯ್ತು ಅಂತ ಬೈಕೋಬೇಡಿ.

ಪರಿಚಯದ ಹೈಸ್ಕೂಲ್ ಮೇಷ್ಟ್ರೊಬ್ರು ಕ್ಲಾಸಿನ ಗೋಡೆಗೆ ಹೃದಯದ ದೊಡ್ಡ ಚಾರ್ಟ್ ಬರೆಸ್ತಿದಾರೆ, ಕನ್ನಡ ಒಂದ್ಸಲ ನೋಡಿಕೊಡಿ ಅಂದ್ರು. ಚಿತ್ರ ನಿಮಗೆ ಗೊತ್ತಿರೋದೇ, ಅರ್ಧ ಕೆಂಪು, ಅರ್ಧ ನೀಲಿ. ಕೆಂಪು ಕಡೆ ‘ಆಕ್ಸಿಜನ್‌ಯುಕ್ತ ರಕ್ತ’, ನೀಲಿ ಕಡೆ ‘ಆಕ್ಸಿಜನ್‌ರಹಿತ ರಕ್ತ’. ಅದರ ಪಕ್ಕ ಯಾರೋ ಪೆನ್ಸಿಲ್ಲಲ್ಲಿ ‘ಶುದ್ಧ’, ‘ಅಶುದ್ಧ’ ಅಂತಾನೂ ಬರೆದಿಟ್ಟಿದಾರೆ, ಹಳೇ ಕಾಲದೋರು ಇರ್ಬೇಕು, ನಾವೆಲ್ಲ ಹಾಗೇ ಓದಿದ್ದು ತಾನೆ.

‘ರಹಿತ’ ಅಂದ್ರೆ ಇಲ್ಲವೇ ಇಲ್ಲ ಅಂತ. ಸಕ್ಕರೆರಹಿತ ಕಾಫಿ ಅಂತ ಕೊಟ್ಟು ಅದರಲ್ಲಿ ಮುಕ್ಕಾಲು ಚಮಚ ಸಕ್ಕರೆ ಇದ್ರೆ ಜಗಳ ಆಗುತ್ತೆ. ರಕ್ತದ ವಿಷಯದಲ್ಲಿ ಆಗಿರೋದು ಅದೇ. ಕೋವಿಡ್ ಟೈಮಲ್ಲಿ ಬೆರಳಿಗೆ ಕ್ಲಿಪ್ ಸಿಕ್ಕಿಸ್ಕೊಂಡು 97, 98 ಅಂತ ನೋಡ್ತಾ ಕೂತಿದ್ವಲ್ಲ, ಅದು ಹೃದಯದಿಂದ ಹೊರಗೆ ಹೊರಟ ರಕ್ತದ ಲೆಕ್ಕ, ಅಂದ್ರೆ ಹಿಮೋಗ್ಲೋಬಿನ್ನಲ್ಲಿ ಆಕ್ಸಿಜನ್ನಿಗೆ ಇರೋ ಜಾಗದಲ್ಲಿ ನೂರಕ್ಕೆ ಎಷ್ಟು ಭರ್ತಿ ಆಗಿದೆ ಅನ್ನೋದು. ಅದೇ ರಕ್ತ ಮೈಯೆಲ್ಲ ಸುತ್ತಿ ಹೃದಯದ ಬಲಗಡೆಗೆ ವಾಪಸ್ ಬಂದಾಗ ಎಷ್ಟಿರುತ್ತೆ ಗೊತ್ತಾ, ಸುಮ್ನೆ ಕೂತಿರೋ ಆರೋಗ್ಯವಂತರಲ್ಲಿ ಶೇ. 75ರ ಆಸುಪಾಸು! ಒಂದು ಹಿಮೋಗ್ಲೋಬಿನ್ ಕಣ ಅಂದ್ರೆ ನಾಲ್ಕು ಸೀಟಿನ ಗಾಡಿ ಅನ್ಕೊಳ್ಳಿ, ಸರಾಸರಿ ಒಬ್ಬರನ್ನ ಇಳಿಸಿ ಮೂವರನ್ನ ಕೂರಿಸ್ಕೊಂಡೇ ವಾಪಸ್ ಬರುತ್ತೆ. ಓಡಿದ್ರೆ, ಭಾರ ಎತ್ತಿದ್ರೆ ಇನ್ನೂ ಹೆಚ್ಚು ಇಳಿಸುತ್ತೆ, ಆ ಉಳಿಕೆ ಇರೋದೇ ಅದಕ್ಕೆ. ಇದನ್ನ ‘ರಹಿತ’ ಅನ್ನೋದು ಹೇಗೆ? ಹೃದಯದ ಸ್ವಂತ ಮಾಂಸಖಂಡ ಮಾತ್ರ ತನಗೆ ಬಂದ ರಕ್ತದಿಂದ ಸಿಕ್ಕಷ್ಟೂ ಹೀರ್ಕೊಳ್ಳುತ್ತೆ, ಅಲ್ಲಿಂದ ಹೊರಬೀಳೋ ರಕ್ತದಲ್ಲಿ ಶೇ. 30ರಷ್ಟೇ ಉಳಿದಿರುತ್ತೆ, ಆದ್ರೂ ಸೊನ್ನೆ ಅಲ್ಲ ನೋಡಿ.

ನೀಲಿ ಬಣ್ಣದ್ದೂ ಇದೇ ಕಥೆ. ಆ ರಕ್ತ ಕಡುಗೆಂಪು, ಲ್ಯಾಬಲ್ಲಿ ಸಿರಿಂಜಿಗೆ ಎಳೆಯೋವಾಗ ನೋಡಿರ್ತೀರಿ. ಚರ್ಮದ ಕೆಳಗೆ ನೀಲಿಯಾಗಿ ಕಾಣೋದು ಬೆಳಕಿನ ಆಟ. ಚಿತ್ರದಲ್ಲಿ ನೀಲಿ ಇರ್ಲಿ ಬಿಡಿ, ಗುರುತಿಗೆ ಬೇಕು.

‘ಶುದ್ಧ–ಅಶುದ್ಧ’ ಮಾತ್ರ ನನಗೆ ಸುತರಾಂ ಹಿಡಿಸಲ್ಲ. ಅದು ನಮ್ಮ ಮಡಿ-ಮೈಲಿಗೆ ತಲೆಯಿಂದ ಬಂದ ಪದಾನೋ ಏನೋ, ‘ಕೆಟ್ಟ ರಕ್ತ ತೆಗೆಸ್ಕೊಂಡ್ರೆ ಹಗುರ ಆಗುತ್ತೆ’ ಅನ್ನೋರಿಗೆ ಇದರಿಂದ ಇನ್ನಷ್ಟು ಧೈರ್ಯ. ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದೆ ಅಂತ ಅಶುದ್ಧ ಅನ್ನೋದಾದ್ರೆ ಯೂರಿಯಾ ಲೆಕ್ಕ ಏನ್ಮಾಡೋಣ? ಕಿಡ್ನಿಯಿಂದ ವಾಪಸ್ ಬರೋ ರಕ್ತದಲ್ಲಿ ಯೂರಿಯಾ ಕಡಿಮೆ ಆಗಿರುತ್ತೆ, ಸೋಸಿದ ರಕ್ತ ಅದು, ಆದ್ರೆ ಚಾರ್ಟಲ್ಲಿ ಅದೂ ನೀಲಿ, ಅದೂ ‘ಅಶುದ್ಧ’.

ಇನ್ನು ಅಪಧಮನಿ, ಅಭಿಧಮನಿ. ಈ ಜೋಡಿ ಬಗ್ಗೆ ಎಲ್ಲರ ದೂರೂ ಒಂದೇ, ಕೇಳೋಕೆ ಅಣ್ಣತಮ್ಮಂದಿರ ಹಾಗಿದೆ, ಪರೀಕ್ಷೆಲಿ ಮಕ್ಕಳು ಅದಲುಬದಲು ಬರೀತಾರೆ ಅಂತ. ದೂರು ನಿಜ, ಆದ್ರೂ ನಾನು ಈ ಪದಗಳ ಪರ. ‘ಅಪ’ ಅಂದ್ರೆ ದೂರಕ್ಕೆ, ಆಚೆಗೆ, ಅಪಹರಣದಲ್ಲಿ ಇದೆಯಲ್ಲ ಆ ಅರ್ಥ. ‘ಅಭಿ’ ಅಂದ್ರೆ ಕಡೆಗೆ, ಅಭಿಮುಖದ ಹಾಗೆ. ಹೃದಯದಿಂದ ಆಚೆ ಒಯ್ಯೋದು ಅಪಧಮನಿ, ಹೃದಯದ ಕಡೆಗೆ ತರೋದು ಅಭಿಧಮನಿ. ಒಳಗಿರೋ ರಕ್ತ ಎಂಥದ್ದು ಅಂತ ಪದ ಮಾತೇ ಆಡಲ್ಲ, ದಿಕ್ಕು ಮಾತ್ರ ಹೇಳುತ್ತೆ. ತೊಂದರೆ ಏನಂದ್ರೆ ‘ಅಪ’ ಅಂದಾಕ್ಷಣ ನಮಗೆ ಅಪಮಾನ, ಅಪಘಾತ, ಅಪಶಕುನ ನೆನಪಾಗಿ, ಅಪಧಮನೀನೇ ಕೆಟ್ಟ ರಕ್ತದ ನಾಳ ಅಂತ ಅನ್ಕೊಳ್ಳೋರೂ ಇದಾರೆ.

ದಿಕ್ಕಿನ ಹೆಸರೇ ಯಾಕೆ ಬೇಕು ಅಂದ್ರೆ, ಹೃದಯ ಅಂದ್ರೆ ಅಕ್ಕಪಕ್ಕ ಅಂಟಿಕೊಂಡಿರೋ ಎರಡು ಪಂಪು. ಬಲಗಡೆ ಹೃತ್ಕುಕ್ಷಿಯಿಂದ, ಅಂದ್ರೆ ಹೃದಯದ ಕೆಳಗಿನ ಕೋಣೆಯಿಂದ, ಶ್ವಾಸಕೋಶಕ್ಕೆ ಹೋಗೋ ನಾಳ ಅಪಧಮನಿ, ಆದ್ರೆ ಅದರಲ್ಲಿರೋದು ಆ ‘ನೀಲಿ’ ರಕ್ತ. ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ, ಅಂದ್ರೆ ಮೇಲಿನ ಕೋಣೆಗೆ, ಬರೋ ನಾಲ್ಕು ನಾಳ ಅಭಿಧಮನಿ, ಅದರಲ್ಲಿ ಕೆಂಪು. ಬಸುರಿಯ ಹೊಟ್ಟೇಲಿರೋ ಮಗೂದು ಇನ್ನೂ ಮಜಾ, ಹೊಕ್ಕುಳಬಳ್ಳಿಲಿ ಸಾಮಾನ್ಯವಾಗಿ ಎರಡು ಅಪಧಮನಿ, ಒಂದು ಅಭಿಧಮನಿ ಇರುತ್ತೆ, ತಾಯಿ ಕಡೆಯಿಂದ ಆಕ್ಸಿಜನ್ ತಗೊಂಡು ಬರೋದು ಆ ಒಂಟಿ ಅಭಿಧಮನಿ. ಮರಾಠಿಯಲ್ಲಿ ಅಪಧಮನಿಗೆ ‘ರೋಹಿಣಿ’ (ಕೆಂಪನೇದು), ಅಭಿಧಮನಿಗೆ ‘ನೀಲಾ’ ಅಂತ ಪದ ಇದೆ, ಕೇಳೋಕೆ ಎಷ್ಟು ಚಂದ, ಆದ್ರೆ ಬಣ್ಣ ಹಿಡ್ಕೊಂಡು ಇಟ್ಟ ಹೆಸರು ಈ ಎರಡು ಕಡೇನೂ ಕೈಕೊಡುತ್ತೆ.

ಹಿಂದಿ, ತೆಲುಗಿನೋರು ಧಮನಿ, ಸಿರ ಅಂತ ಬೇರೆ ಬೇರೆ ಪದಾನೇ ಇಟ್ಕೊಂಡಿದಾರೆ, ಹಿಂದೀಲಿ ಅದು ಶಿರಾ. ಗೊಂದಲ ಇಲ್ಲ, ಒಪ್ತೀನಿ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ‘ಧ್ಮಾನಾತ್ ಧಮನ್ಯಃ, ಸ್ರವಣಾತ್ ಸ್ರೋತಾಂಸಿ, ಸರಣಾತ್ ಸಿರಾಃ’ ಅಂತ ಬರುತ್ತೆ, ಊದೋದ್ರಿಂದ ಧಮನಿ, ಒಸರೋದ್ರಿಂದ ಸ್ರೋತಸ್ಸು, ಹರಿಯೋದ್ರಿಂದ ಸಿರಾ. ಆ ಊದೋ ‘ಧ್ಮಾ’ ಧಾತು ನೋಡಿ, ಅತ್ತ ಗ್ರೀಕರ ‘ಆರ್ಟೀರಿಯಾ’ ಕೂಡ ಮೊದಲಿಗೆ ಗಾಳಿ ಕೊಳವೆಗೇ ಇದ್ದ ಹೆಸರು. ಸತ್ತ ದೇಹ ಸೀಳಿದಾಗ ಅಪಧಮನಿಗಳು ಬಹುಪಾಲು ಖಾಲಿ ಕಾಣ್ತಿದ್ವು, ಹಾಗಾಗಿ ಇದರಲ್ಲಿ ಓಡೋದು ಗಾಳಿ ಅಂತ ಅವರಲ್ಲಿ ಕೆಲವರು ನಂಬಿದ್ರು, ಎರಡನೇ ಶತಮಾನದ ವೈದ್ಯ ಗೇಲನ್ ಬಂದು ಇಲ್ಲ ಇದರಲ್ಲೂ ರಕ್ತಾನೇ ಇರೋದು ಅಂತ ತೋರಿಸಿದ್ದು.

ಆದ್ರೆ ದಿಕ್ಕು ಗೇಲನ್ನಿಗೂ ಸಿಕ್ಕಿರ್ಲಿಲ್ಲ. ಅದನ್ನ 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ತೋರಿಸಿದ್ದು ಹೇಗೆ ಅಂತ ಹೇಳ್ಬಿಡ್ತೀನಿ, ಕೈಮೇಲೆ ನರ ಎದ್ದು ಕಾಣೋರು ಯಾರಾದ್ರೂ ಮನೇಲಿದ್ರೆ ನೀವೂ ನೋಡ್ಬಹುದು. ಮೊಣಕೈ ಮೇಲೆ ಒಂದು ಬಟ್ಟೆ ಹದವಾಗಿ ಕಟ್ಟಿ, ಬಿಗಿ ಬೇಡ. ಸ್ವಲ್ಪ ಹೊತ್ತಿಗೆ ಮುಂಗೈ ಮೇಲೆ ನರ ಉಬ್ಬುತ್ತೆ, ಅಲ್ಲಲ್ಲಿ ಗಂಟಿನ ಹಾಗೆ ಕಾಣುತ್ತೆ, ಆ ಗಂಟಿನ ಜಾಗದಲ್ಲಿ ಕವಾಟ, ಅಂದ್ರೆ ಒಂದೇ ಕಡೆಗೆ ತೆರೆಯೋ ಬಾಗಿಲು, ಇರೋದು. ಒಂದು ಗಂಟಿನ ಕೆಳಗೆ, ಅಂದ್ರೆ ಅಂಗೈ ಕಡೆ, ಬೆರಳಿಟ್ಟು ಒತ್ತಿ ಹಿಡೀರಿ. ಇನ್ನೊಂದು ಬೆರಳಿಂದ ಅಲ್ಲಿಂದ ಮೇಲಕ್ಕೆ ಗಂಟು ದಾಟೋವರೆಗೂ ನೀವಿ, ಆ ಎರಡನೇ ಬೆರಳು ತೆಗೀರಿ. ಮಧ್ಯದ ತುಂಡು ಚಪ್ಪಟೆಯಾಗೇ ಉಳಿಯುತ್ತೆ, ಮೇಲಿನ ರಕ್ತ ಗಂಟಿನವರೆಗೆ ಬಂದು ನಿಂತ್ಬಿಡುತ್ತೆ, ಕೆಳಗಿಳಿಯಲ್ಲ. ಈಗ ಕೆಳಗಿನ ಬೆರಳು ಎತ್ತಿ, ಸರ್ರಂತ ತುಂಬ್ಕೊಳ್ಳುತ್ತೆ. ಹೋಗೋ ದಾರಿ ಒಂದೇ, ಮೇಲಕ್ಕೆ, ಹೃದಯದ ಕಡೆಗೆ. ‘ಅಭಿ’ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ವಿವರಣೆ ಯಾವ ನಿಘಂಟಲ್ಲೂ ಸಿಗಲ್ಲ. ಅಪಧಮನಿಲಿ ಹೋದ ರಕ್ತ ಯಾವ ಸಂದಿಯಿಂದ ಅಭಿಧಮನಿ ಕಡೆ ದಾಟುತ್ತೆ ಅನ್ನೋದು ಮಾತ್ರ ಹಾರ್ವೆಗೆ ಕಾಣ್ಲಿಲ್ಲ, 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪೀಗಿ ಮೈಕ್ರೋಸ್ಕೋಪಲ್ಲಿ ಕಪ್ಪೆಯ ಶ್ವಾಸಕೋಶ ನೋಡ್ತಾ ಲೋಮನಾಳ, ಅಂದ್ರೆ ಎರಡನ್ನೂ ಸೇರಿಸೋ ಅತಿ ಸಣ್ಣ ನಾಳ, ಕಂಡಿದ್ದು.

ಮೇಲೆ ನಾನೇ ‘ನರ ಉಬ್ಬುತ್ತೆ’ ಅಂತ ಬರೆದೆ, ಬೇಕಂತಾನೇ. ನರ್ಸಮ್ಮ ಸೂಜಿ ಹಿಡ್ಕೊಂಡು ‘ಅಜ್ಜಿ, ನರಾನೇ ಸಿಗ್ತಿಲ್ಲ ಕಣಜ್ಜಿ, ಮುಷ್ಟಿ ಕಟ್ಟಿ’ ಅಂತಾರೇ ಹೊರತು ಅಭಿಧಮನಿ ಸಿಗ್ತಿಲ್ಲ ಅನ್ನಲ್ಲ. ಕಾಲಲ್ಲಿ ಕವಾಟ ಸೋತು ರಕ್ತ ಕೆಳಗೇ ನಿಂತ್ಕೊಂಡ್ರೆ ಅದೂ ‘ನರ ಉಬ್ಬಿದೆ’. ಆದ್ರೆ ಪುಸ್ತಕದಲ್ಲಿ ನರ ಅಂದ್ರೆ ಮೆದುಳಿನ ಸುದ್ದಿ ಸಾಗಿಸೋ ತಂತು, ನರಮಂಡಲ, ನರರೋಗ ತಜ್ಞ. ಹಾಗಂತ ಜನ ತಪ್ಪು ಮಾಡ್ತಿದಾರೆ ಅಂತ ನಾನು ಒಪ್ಪಲ್ಲ. ತಮಿಳಿನ ‘ನರಂಬು’ ಇದರ ಒಡಹುಟ್ಟು, ಅದಕ್ಕೆ ಸ್ನಾಯುವಿನ ಹುರಿ, ರಕ್ತನಾಳ, ನರತಂತು, ಯಾಳ್ ವಾದ್ಯದ ತಂತಿ ಎಲ್ಲಾ ಅರ್ಥ ಉಂಟು. ಮೈಯೊಳಗೆ ದಾರದ ಹಾಗೆ ಉದ್ದಕ್ಕೆ ಇರೋದೆಲ್ಲ ನರ. ಒಂದಕ್ಕೆ ಮಾತ್ರ ಮೀಸಲಿಟ್ಟಿದ್ದು ಪಠ್ಯಪುಸ್ತಕ. ಕಷ್ಟ ಬರೋದು ಡಿಸ್ಚಾರ್ಜ್ ಹೊತ್ತಲ್ಲಿ, ‘ಹೃದಯದ ನರ ಬ್ಲಾಕ್ ಆಗಿದೆ’ ಅಂತ ಕೇಳಿಸ್ಕೊಂಡು ನರರೋಗದ ಡಾಕ್ಟರನ್ನ ಹುಡುಕ್ಕೊಂಡು ಹೋದ್ರೆ ಕೆಲಸ ಕೆಟ್ಟಿತು. ಅಲ್ಲಿ ಕಟ್ಟಿಕೊಂಡಿರೋದು ಹೃದಯಕ್ಕೇ ರಕ್ತ ಕೊಡೋ ಅಪಧಮನಿ, ಪೇಪರಿನೋರು ‘ಪರಿಧಮನಿ’ ಅಂತ ಬರೀತಾರಲ್ಲ ಅದು. ಸುತ್ತುವರಿದಿರೋದಕ್ಕೆ ‘ಪರಿ’, ಒಳ್ಳೆ ಪದಾನೇ, ಆದ್ರೆ ಅಪ, ಅಭಿ ಜೊತೆ ಮೂರನೇದೂ ಸೇರಿ ಮಕ್ಕಳ ಗತಿ ಕೇಳ್ಬೇಡಿ.

ಹೃತ್ಕರ್ಣದ ಬಗ್ಗೆ ಒಂದೇ ಮಾತು. ಇಂಗ್ಲಿಷಿನೋರು ಮೊದಲು ಆ ಕೋಣೆಗೆ ಕಿವಿ ಅನ್ನೋ ಅರ್ಥದ ‘ಆರಿಕಲ್’ ಅಂತಿದ್ರು, ಆಮೇಲೆ ಪಡಸಾಲೆ ಅನ್ನೋ ಅರ್ಥದ ‘ಏಟ್ರಿಯಂ’ಗೆ ಹೋದ್ರು, ಕಿವಿ ಹೆಸರನ್ನ ಅದರ ಪಕ್ಕಕ್ಕೆ ಜೋತುಬಿದ್ದಿರೋ ಸಣ್ಣ ಚೀಲಕ್ಕೆ ಉಳಿಸ್ಕೊಂಡ್ರು. ನಾವು ಕಿವೀಲೇ ನಿಂತಿದೀವಿ. ಬದಲಾಯಿಸೋ ಅಗತ್ಯ ನನಗೆ ಕಾಣಲ್ಲ.

ಸದ್ಯಕ್ಕೆ ಚಾರ್ಟಿಗೆ ನಾನು ಯೋಚಿಸಿರೋದು ಹೀಗಿದೆ: ಅಪಧಮನಿ, ಅಭಿಧಮನಿ ಹಾಗೇ ಇರ್ಲಿ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಒಯ್ಯುವ ನಾಳ’, ‘ತರುವ ನಾಳ’. ಶುದ್ಧ–ಅಶುದ್ಧ ಅಳಿಸೋದು. ‘ಆಕ್ಸಿಜನ್‌ಯುಕ್ತ’ ಬದಲು ‘ಆಕ್ಸಿಜನ್ ತುಂಬಿದ ರಕ್ತ’, ‘ರಹಿತ’ ಬದಲು ‘ಆಕ್ಸಿಜನ್ ತಗ್ಗಿದ ರಕ್ತ’. ಮೇಷ್ಟ್ರಿಗೆ ‘ತಗ್ಗಿದ’ ಅಷ್ಟು ಸಮ ಅನ್ಸಿಲ್ಲ, ಬಿಪಿ ತಗ್ಗಿದ ಹಾಗೆ ಕೇಳುತ್ತೆ ಅಂತಾರೆ, ‘ಆಕ್ಸಿಜನ್ ಕಡಿಮೆಯಾದ ರಕ್ತ’ ಅಂದ್ರೆ ಕಾಯಿಲೆ ಬಂದ ಹಾಗಿರುತ್ತೆ ಅನ್ನೋದು ನನ್ನ ತಕರಾರು. ‘ಆಕ್ಸಿಜನ್ ಬಿಟ್ಟುಬಂದ ರಕ್ತ’ ಹೇಗಿರುತ್ತೆ? ಪರೀಕ್ಷೆಲಿ ಹುಡುಗರು ‘ರಹಿತ’ ಅಂತಾನೇ ಬರೀಬೇಕಲ್ಲ ಅನ್ನೋ ಅವರ ಭಯಾನೂ ಸುಳ್ಳಲ್ಲ, ಹಾಗಾಗಿ ಎರಡನ್ನೂ ಹಾಕೋದಾ ಅನ್ನೋದು ಇನ್ನೊಂದು ಪ್ರಶ್ನೆ.

ಜೊತೆಗೆ ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಇದೊಂದು ಹೇಳಿ, ರಕ್ತ ತೆಗೆಯೋವಾಗ, ಡ್ರಿಪ್ ಹಾಕೋವಾಗ ನಿಮ್ಮ ಕಡೆಯೂ ‘ನರ’ ಅಂತಾನೇ ಅಂತಾರಾ ಅಥವಾ ಬೇರೆ ಪದ ಏನಾದ್ರೂ ಇದೆಯಾ?