ಗಾಣದ ಅಂಗಡಿ ಗೂಗಲ್ ಮ್ಯಾಪ್‌ಗೆ ಸೇರ್ತಿಲ್ಲ, ವಿಡಿಯೊ ಎರಡು ಸಲ ವಾಪಸ್ ಬಂತು

ಗಾಣದೆತ್ತು:
ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನಮ್ಮದೊಂದು ಮರದ ಗಾಣ ಇದೆ. ಎತ್ತು ಕಟ್ಟಿ ತಿರುಗಿಸುವುದು, ಮೋಟರ್ ಅಲ್ಲ. ಕೊಬ್ಬರಿ, ಕಡಲೆಕಾಯಿ, ಎಳ್ಳಿನ ಎಣ್ಣೆ ತೆಗೆದು ಮುಂದಿನ ಅಂಗಡಿಯಲ್ಲೇ ಮಾರುತ್ತೇವೆ. ಬಿ.ಎಚ್. ರಸ್ತೆಯಿಂದ ಒಂದು ಸಂದಿ ಒಳಗೆ ಬರಬೇಕು. ಹೊರಗಿನ ಊರಿನವರು ದಾರಿ ಕೇಳಿ ಕೇಳಿ ಫೋನ್ ಬಿಡುವುದೇ ಇಲ್ಲ. ಅದಕ್ಕೇ ಮ್ಯಾಪ್‌ನಲ್ಲಿ ಹಾಕೋಣ ಅಂತ ಕೂತೆ. ಅಂಗಡಿ ನನ್ನದೇ ಅಂತ ಗೂಗಲ್‌ಗೆ ಖಾತ್ರಿ ಮಾಡಿಸಬೇಕಂತೆ, ಅದೇ ವೆರಿಫೈ. ಅದಕ್ಕೆ ಫೋನಿಗೆ ಕೋಡ್ ಬರುತ್ತೆ ಅಂದುಕೊಂಡಿದ್ದೆ, ನನಗೆ ವಿಡಿಯೊ ಒಂದೇ ಆಯ್ಕೆ ಬಂತು. ಎರಡು ಸಲ ಕಳಿಸಿದೆ, ಎರಡು ಸಲವೂ ವೆರಿಫೈ ಆಗಲಿಲ್ಲ. ನಾನೆಲ್ಲಿ ತಪ್ಪುತ್ತಿದ್ದೇನೆ?

ಇನ್ನೊಂದು ವಿಷಯ. ನಿನ್ನೆ ಒಬ್ಬರು ಫೋನ್ ಮಾಡಿ, ದುಡ್ಡು ಕೊಟ್ಟರೆ ಇವತ್ತೇ ವೆರಿಫೈ ಮಾಡಿಸುತ್ತೇವೆ ಅಂದರು. ಕೊಡಬಹುದಾ?

ಮೂರನೇತಿರುವು:
ಮೊದಲು ಕೊನೆಯ ಪ್ರಶ್ನೆ. ಒಂದು ರೂಪಾಯಿಯನ್ನೂ ಕೊಡಬೇಡಿ. ಲಿಸ್ಟಿಂಗ್, ಅಂದರೆ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಪುಟ, ಪೂರ್ತಿ ಉಚಿತ. ಫೋನಿಗೆ ಕೋಡ್ ಬಂದರೂ ಯಾರಿಗೂ ಹೇಳಬೇಡಿ, ಅಂಗಡಿ ಬೀಗದ ಕೈ ಕೊಟ್ಟ ಹಾಗೆ ಅದು.

ಈಗ ನನಗೆ ಮೂರು ವಿಷಯ ಬೇಕು. ಹೆಸರಿನ ಜಾಗದಲ್ಲಿ ಏನು ಬರೆದಿದ್ದೀರಿ? ಒಂದಕ್ಷರ ಬಿಡದೆ ಹೇಳಿ. ವಿಡಿಯೊದಲ್ಲಿ ಏನೇನಿತ್ತು? ಇದೇ ಅಂಗಡಿಗೆ ಹಿಂದೆ ಯಾರಾದರೂ ಲಿಸ್ಟಿಂಗ್ ಮಾಡಿದ್ದರಾ?

ಗಾಣದೆತ್ತು:
ಬೋರ್ಡಿನಲ್ಲಿ ಮನೆದೇವರ ಹೆಸರು, ಅದರ ಮುಂದೆ ‘ಗಾಣದ ಎಣ್ಣೆ’, ಅಷ್ಟೇ. ಲಿಸ್ಟಿಂಗ್‌ನಲ್ಲಿ ದೇವರ ಹೆಸರಿನ ಜೊತೆ ‘ಬೆಸ್ಟ್ ಪ್ಯೂರ್ ಕೋಲ್ಡ್ ಪ್ರೆಸ್ಡ್ ಕೋಕೋನಟ್ ಆಯಿಲ್ ಇನ್ ತಿಪಟೂರು’ ಅಂತ ಸೇರಿಸಿದ್ದೆ. ಹುಡುಕಿದವರಿಗೆ ಬೇಗ ಸಿಗಲಿ ಅಂತ.

ವಿಡಿಯೊ ಹಿಂದಿನ ಕೊಟ್ಟಿಗೆಯಲ್ಲೇ ನಿಂತು ತೆಗೆದೆ. ಎತ್ತು ಸುತ್ತುವುದು, ಎಣ್ಣೆ ಇಳಿಯುವುದು, ಹಿಂಡಿ ತೆಗೆಯುವುದು. ಅಪ್ಪನೂ ಇದ್ದಾರೆ. ನೋಡೋಕೆ ಚೆನ್ನಾಗಿತ್ತು!

ಹಳೆಯದು ಒಂದಿದೆ. ಮೂರು ವರ್ಷದ ಹಿಂದೆ, ಬಾಡಿಗೆ ಅಂಗಡಿಯಲ್ಲಿದ್ದಾಗ ಅಣ್ಣನ ಮಗ ಮಾಡಿದ್ದ. ಅದು ಹಳೇ ಜಾಗವನ್ನೇ ತೋರಿಸುತ್ತೆ. ಅದಕ್ಕೇ ಅದನ್ನು ಬಿಟ್ಟು ಹೊಸದು ಶುರುಮಾಡಿದೆ.

ಮೂರನೇತಿರುವು:
ಅಣ್ಣ, ನಿಮ್ಮ ಗಂಟು ಅಲ್ಲೇ ಇದೆ. ಅಂಗಡಿ ಜಾಗ ಬದಲಾದರೆ ಹೊಸ ಲಿಸ್ಟಿಂಗ್ ಮಾಡಬಾರದು, ಹಳೆಯದರಲ್ಲಿ ವಿಳಾಸ ತಿದ್ದಬೇಕು. ಒಂದೇ ಅಂಗಡಿಗೆ ಎರಡಿದ್ದರೆ ಒಂದು ನಕಲು ಅಂತ ಲೆಕ್ಕ. ಹಳೆಯದರಲ್ಲಿ ಜನ ಬರೆದ ರಿವ್ಯೂಗಳಿದ್ದರೆ ಅವೂ ಉಳಿಯುತ್ತವೆ. ಸುಮ್ನೆ ಯಾಕೆ ಕಳೆದುಕೊಳ್ಳುತ್ತೀರಿ?

ಅಣ್ಣನ ಮಗನನ್ನು ಹಿಡಿಯಿರಿ. ಲಿಸ್ಟಿಂಗ್ ಮಾಡಿದ ಅವನ ಆ ಜಿಮೇಲ್ ಇನ್ನೂ ತೆರೆಯುತ್ತಾ? ತೆರೆದರೆ ಅವನೇ ನಿಮ್ಮನ್ನು ಮಾಲೀಕರಾಗಿ ಸೇರಿಸಲಿ. ಸೇರಿದ ಮೇಲೆ 7 ದಿನ ಅವನನ್ನು ತೆಗೆಯುವಂಥ ಕೆಲವು ಕೆಲಸಕ್ಕೆ ತಡೆ ಇರುತ್ತದೆ, ಗಾಬರಿ ಬೇಡ. ಜಿಮೇಲ್ ತೆರೆಯದಿದ್ದರೆ ಆ ಲಿಸ್ಟಿಂಗ್‌ನಲ್ಲೇ ಮಾಲೀಕತ್ವ ಕೇಳುವ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಈಗಿನ ಮಾಲೀಕರಿಗೆ ಮೇಲ್ ಹೋಗುತ್ತದೆ, ಉತ್ತರಕ್ಕೆ 3 ದಿನ ಗಡುವು. ಅವರು ಸುಮ್ಮನಿದ್ದರೆ ನೀವೇ ವೆರಿಫೈ ಮಾಡಿಕೊಳ್ಳುವ ದಾರಿ ಸಿಗಬಹುದು.

ಎರಡನೆಯದು ಹೆಸರು. ಬೋರ್ಡಿನಲ್ಲಿ ಏನಿದೆಯೋ ಅದೇ ಇರಬೇಕು. ‘ಬೆಸ್ಟ್’, ‘ಪ್ಯೂರ್’, ಊರಿನ ಹೆಸರು ಎಲ್ಲ ತೆಗೆಯಿರಿ. ಹೆಸರಿಗೆ ಹೀಗೆ ಬಾಲ ಕಟ್ಟುವುದು ನಿಯಮಕ್ಕೆ ವಿರುದ್ಧ. ಲಿಸ್ಟಿಂಗ್ ಅಮಾನತಾದರೆ ಬಿಡಿಸಿಕೊಳ್ಳುವುದು ದೊಡ್ಡ ತಲೆನೋವು. ಪಕ್ಕದ ಬೀದಿಯವರು ಬಾಲ ಕಟ್ಟಿಕೊಂಡೂ ಮೇಲಿದ್ದಾರಲ್ಲ ಅಂತ ಕೇಳಬೇಡಿ, ಎಲ್ಲರೂ ಅದನ್ನೇ ಕೇಳುತ್ತಾರೆ. ಏನೇನು ಎಣ್ಣೆ ಮಾರುತ್ತೀರಿ ಅನ್ನುವುದಕ್ಕೆ ವಿವರಣೆಯ ಜಾಗ ಇದೆ, 750 ಅಕ್ಷರದವರೆಗೆ ಬರೆಯಬಹುದು. ಯಾವ ಬಗೆಯ ಅಂಗಡಿ ಅಂತ ಹೇಳುವ ವರ್ಗವೂ ಇದೆ: ಮುಖ್ಯವಾದದ್ದು ಒಂದು, ಜೊತೆಗೆ ಇನ್ನೂ 9. ಅಷ್ಟೂ ತುಂಬಬೇಡಿ, ನಿಮಗೆ ಎರಡು ಸಾಕು.

ಇನ್ನು ವಿಡಿಯೊ. ನೀವು ತೆಗೆದದ್ದು ಗಿರಾಕಿಗಳಿಗೆ ತೋರಿಸುವ ವಿಡಿಯೊ. ಗೂಗಲ್‌ಗೆ ಬೇಕಾದದ್ದು ಬೇರೆ: ಈ ಅಂಗಡಿ ಈ ಜಾಗದಲ್ಲಿದೆಯಾ, ಇದು ನಿಮ್ಮದೇನಾ? ಕೊಟ್ಟಿಗೆಯೊಳಗಿನ ಗಾಣ ತಿಪಟೂರಿನದೋ ಅರಸೀಕೆರೆಯದೋ ನೋಡಿದವರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಬಿ.ಎಚ್. ರಸ್ತೆಯಲ್ಲೇ ಶುರುಮಾಡಿ. ಬೀದಿಯ ಫಲಕ, ಸಂದಿಯ ಮೂಲೆಯ ಅಂಗಡಿಗಳ ಬೋರ್ಡು ಕಾಣಲಿ. ಕ್ಯಾಮೆರಾ ನಿಲ್ಲಿಸದೆ ನಡೆದು ಬನ್ನಿ. ನಿಮ್ಮ ಬೋರ್ಡಿನ ಮುಂದೆ ನಾಲ್ಕು ಸೆಕೆಂಡ್ ನಿಲ್ಲಿ. ಆಮೇಲೆ ಬೀಗ ತೆಗೆದು ಷಟರ್ ಎತ್ತಿ. ಇದು ಮುಖ್ಯ, ಹೊರಗಿನವರು ಮಾಡಲಾಗದ ಕೆಲಸ ಅಲ್ವಾ? ಒಳಗೆ ಗಲ್ಲಾಪೆಟ್ಟಿಗೆ, ಲೈಸೆನ್ಸ್ ಹಾಕಿದ ಗೋಡೆ, ಎಣ್ಣೆ ಡಬ್ಬಗಳು, ಕೊನೆಗೆ ಗಾಣ. ಕನಿಷ್ಠ 30 ಸೆಕೆಂಡ್ ಇರಬೇಕು, ಮಧ್ಯೆ ಕತ್ತರಿಸಬಾರದು. ಆಧಾರ್, ಬ್ಯಾಂಕ್ ಕಾಗದ ಬೇಡ. ಜನರ ಮುಖವೂ ಬೇಡ. ಎತ್ತಿನ ಮುಖ ಬಂದರೆ ಪರವಾಗಿಲ್ಲ.

ರೊಟ್ಟಿಬುಟ್ಟಿ:
ಮಧ್ಯೆ ಬಂದೆ, ಕ್ಷಮಿಸಿ. ನಾನು ಧಾರವಾಡದಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮನೆಮನೆಗೆ ಕಳಿಸುತ್ತೇನೆ. ಬೋರ್ಡೇ ಇಲ್ಲ. ಮನೆ ವಿಳಾಸ ಎಲ್ಲರಿಗೂ ಕಾಣುವುದೂ ನನಗೆ ಬೇಡ. ನನ್ನಂಥವರು ಏನು ಮಾಡಬೇಕ್ರಿ?

ಮೂರನೇತಿರುವು:
ಗಿರಾಕಿ ನಿಮ್ಮ ಮನೆಗೆ ಬರುವುದಿಲ್ಲ ಅಂದಮೇಲೆ ವಿಳಾಸ ಮರೆಮಾಡಿ, ಮೇಡಂ. ಅದರ ಬದಲು ನೀವು ತಲುಪಿಸುವ ಪ್ರದೇಶಗಳನ್ನು ಸೇರಿಸಿ, 20ರವರೆಗೆ ಹಾಕಬಹುದು. ಪಕ್ಕದ ಜಿಲ್ಲೆಗಳನ್ನೆಲ್ಲ ಸೇರಿಸಬೇಡಿ. ವಿಡಿಯೊದಲ್ಲಿ ಬೀದಿ, ರೊಟ್ಟಿ ಮಾಡುವ ಜಾಗ, ಕಟ್ಟಿಟ್ಟ ಪ್ಯಾಕೆಟ್‌ಗಳು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಪತ್ರ ತೋರಿಸಿ.

ಗಾಣದೆತ್ತು:
ಹನ್ನೊಂದು ದಿನ ಬಿಟ್ಟು ಬಂದೆ. ಅಣ್ಣನ ಮಗನ ಜಿಮೇಲ್ ಅವನ ಹಳೇ ಫೋನಿನಲ್ಲಿ ತೆರೆದೇ ಇತ್ತು! ನನ್ನನ್ನು ಮಾಲೀಕ ಮಾಡಿದ. ಹೊಸ ಲಿಸ್ಟಿಂಗ್ ತೆಗೆದುಹಾಕಿದೆ. ಹಳೆಯದರಲ್ಲಿ ಹೆಸರು, ವಿಳಾಸ ತಿದ್ದಿದೆ. ಮತ್ತೆ ವೆರಿಫೈ ಮಾಡಿ ಅಂತ ಬಂತು. ನೀವು ಹೇಳಿದ ಹಾಗೆ ರಸ್ತೆಯಿಂದಲೇ ನಡೆದು ಬಂದೆ. ಷಟರ್ ಎತ್ತುವಾಗ ಕೈ ನಡುಗಿ ಚಿತ್ರ ಅಲ್ಲಾಡಿದೆ, ಆದರೂ ಮೂರನೇ ದಿನ ಆಯ್ತು. ಹಳೇ ರಿವ್ಯೂ ಹದಿನಾಲ್ಕೂ ಉಳಿದಿವೆ.

ಆದರೆ ಪಿನ್ ಮೇನ್ ರೋಡಿನ ಮೇಲೇ ಬಿದ್ದಿದೆ. ಜನ ಅಲ್ಲೇ ಬೈಕ್ ನಿಲ್ಲಿಸಿ ಫೋನ್ ಮಾಡುತ್ತಾರೆ.

ಮೂರನೇತಿರುವು:
ವಿಳಾಸ ತಿದ್ದುವ ಕಡೆ ನಕ್ಷೆ ಇದೆ, ಅಲ್ಲಿ ಪಿನ್ ಹಿಡಿದು ಎಳೆಯಬಹುದು. ಉಪಗ್ರಹ ಚಿತ್ರಕ್ಕೆ ಬದಲಿಸಿಕೊಂಡರೆ ನಿಮ್ಮ ಹೆಂಚಿನ ಮಾಡು ಕಾಣುತ್ತೆ, ಅದರ ಮೇಲೇ ಇಡಿ. ಹಿಂದಿನ ಕೊಟ್ಟಿಗೆ ಮೇಲಲ್ಲ, ಮುಂದಿನ ಬಾಗಿಲ ಹತ್ತಿರ.

ಗಾಣದೆತ್ತು:
ಸರಿಯಾಯ್ತು. ಕೊನೇ ಪ್ರಶ್ನೆ. ಸೋಮವಾರ ನಾವು ಎತ್ತು ಕಟ್ಟುವುದಿಲ್ಲ. ಅಂಗಡಿ ಮಾತ್ರ ತೆರೆದಿರುತ್ತೆ. ಸಮಯದ ಜಾಗದಲ್ಲಿ ಸೋಮವಾರ ರಜೆ ಅಂತ ಹಾಕಲಾ?

ಮೂರನೇತಿರುವು:
ಬೇಡ. ರಜೆ ಅಂತ ಹಾಕಿದರೆ ಎಣ್ಣೆಗೆ ಬರುವವರೂ ಬರುವುದಿಲ್ಲ. ಸಮಯದಲ್ಲಿ ತೆರೆದಿದೆ ಅಂತಲೇ ಇರಲಿ. ವಿವರಣೆಯ ಮೊದಲ ಸಾಲಿನಲ್ಲೇ ಬರೆದುಬಿಡಿ: ಸೋಮವಾರ ಎಣ್ಣೆ ಸಿಗುತ್ತದೆ, ಗಾಣ ತಿರುಗುವುದಿಲ್ಲ, ಎತ್ತಿಗೆ ರಜೆ.