ಅಣ್ಣ ದುಡ್ಡು ಕಟ್ಟಿದರೂ ಅಮೆರಿಕದಲ್ಲಿ ಮ್ಯಾಚ್ ಕಾಣುವುದಿಲ್ಲವಂತೆ, ಯಾಕೆ?

ಟಿಳಕವಾಡಿ ತಮ್ಮ:
ನಮ್ಮಣ್ಣ ಎಂಟು ವರ್ಷ ಬಾಸ್ಟನ್‌ನಲ್ಲಿದ್ದ. ಅಲ್ಲಿ ರೆಡ್ ಸಾಕ್ಸ್ ಅನ್ನುವ ಬೇಸ್‌ಬಾಲ್ ತಂಡದ ಹುಚ್ಚು ಹಿಡಿಸಿಕೊಂಡ. ಈಗ ಡಲ್ಲಾಸ್‌ಗೆ ಬಂದಿದ್ದಾನೆ. ಹೊರ ಊರಿನ ತಂಡದ ಆಟ ನೋಡಲು ಬೇರೆ ಪ್ಯಾಕ್ ಅಂತೆ, ಅದಕ್ಕೂ ದುಡ್ಡು ಕಟ್ಟಿದ್ದಾನೆ. ಇಷ್ಟಾದರೂ ರೆಡ್ ಸಾಕ್ಸ್‌ನವರು ಡಲ್ಲಾಸ್ ಕಡೆಯ ತಂಡವಾದ ಟೆಕ್ಸಾಸ್ ರೇಂಜರ್ಸ್ ಜೊತೆ ಆಡುವ ದಿನ ಏನೂ ಬರುವುದಿಲ್ಲ! ನಿನ್ನೆ ಫೋನಿನಲ್ಲಿ ಅರ್ಧ ಗಂಟೆ ಇದೇ ಗೋಳು, ಅವ್ವನ ಹತ್ತಿರ ಮಾತಾಡುವುದನ್ನೇ ಮರೆತ. ನಾವಿಲ್ಲಿ ಬೆಳಗಾವಿಯಲ್ಲಿ ಕೂತು ಆರ್‌ಸಿಬಿ ನೋಡಿದರೂ ಚೆನ್ನೈ ನೋಡಿದರೂ ಒಂದೇ ರೇಟು, ನಿನ್ನ ಊರು ಯಾವುದಪ್ಪಾ ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ಯಾಕೆ ಹೀಗೆ?

ಬಾದಾಮಿ ಬೌಲರ್:
ಮೊದಲು ಆಟ ಎಣಿಸಿ ನೋಡಿ. ಐಪಿಎಲ್ ಅಂದರೆ 74 ಮ್ಯಾಚ್. ಅಲ್ಲಿ 30 ತಂಡ, ಒಂದೊಂದಕ್ಕೆ 162 ಆಟ, ಒಟ್ಟು 2,430. ಅಷ್ಟನ್ನೂ ಯಾವ ಚಾನಲ್ ತೋರಿಸುತ್ತದೆ? ಹಾಗಾಗಿ ಪ್ರತಿ ತಂಡವೂ ತನ್ನ ಸುತ್ತಲಿನ ಊರುಗಳ ಮಟ್ಟಿಗೆ ಹೆಚ್ಚಿನ ಆಟಗಳ ಹಕ್ಕನ್ನು ತಾನೇ ಮಾರಿಕೊಳ್ಳುತ್ತದೆ. ಆ ಊರುಗಳ ಹೊರಗೆ ಇರುವವರಿಗೆ ತೋರಿಸುವ ಹಕ್ಕು ಮಾತ್ರ ಲೀಗ್, ಅಂದರೆ ಎಲ್ಲ ತಂಡಗಳ ಒಕ್ಕೂಟದ ಕೈಯಲ್ಲಿ, ಬಂದ ದುಡ್ಡು 30 ತಂಡಕ್ಕೂ ಪಾಲು. ರೇಂಜರ್ಸ್ ಆಟಕ್ಕೆ ಡಲ್ಲಾಸ್ ಕಡೆ ಹಕ್ಕು ಇರುವುದು ಅಲ್ಲಿಯವರಿಗೇ. ನಿಮ್ಮ ಅಣ್ಣನ ಪ್ಯಾಕ್ ಅದನ್ನೂ ತೋರಿಸಿಬಿಟ್ಟರೆ ಅವರ ಹೊಲಕ್ಕೆ ಪಕ್ಕದವರ ದನ ನುಗ್ಗಿದ ಹಾಗೆ. ಅದಕ್ಕೇ ಆ ದಿನ ಕತ್ತಲೆ.

ಚೌಕಾಶಿಯ ಮಜಾ ನೋಡಬೇಕು ಅಂದರೆ 2007ಕ್ಕೆ ಹೋಗಿ. ಈ ಪ್ಯಾಕ್ ಆಗ ಕೇಬಲ್‌ನಲ್ಲೂ ಡಿಶ್‌ನಲ್ಲೂ ಸಿಗುತ್ತಿತ್ತು. ಲೀಗ್‌ನವರು ಡೈರೆಕ್‌ಟಿವಿ ಅನ್ನುವ ಡಿಶ್ ಕಂಪನಿ ಒಂದಕ್ಕೇ ಕೊಡಲು ಹೊರಟರು, 7 ವರ್ಷಕ್ಕೆ ಸುಮಾರು 70 ಕೋಟಿ ಡಾಲರ್ ಅಂತ ಪತ್ರಿಕೆಗಳಲ್ಲಿ ಬಂತು. ಕೇಬಲ್ ಇದ್ದ ಜನ ರೊಚ್ಚಿಗೆದ್ದರು. ಆಗ ಸೆನೆಟರ್ ಆಗಿದ್ದ ಜಾನ್ ಕೆರಿ, ಅವರೂ ಬಾಸ್ಟನ್ ಕಡೆಯವರೇ, ವಿಷಯವನ್ನು ಸೆನೆಟ್ ಸಮಿತಿಯ ಮುಂದೆ ತಂದರು. ಏಪ್ರಿಲ್‌ನಲ್ಲಿ, ಸೀಸನ್ ಶುರುವಾದ ಮೇಲೆ, ಕೇಬಲ್‌ನವರ ಜೊತೆಗೂ ಒಪ್ಪಂದ ಆಯಿತು. ಆದರೆ ಜಗ್ಗಾಟ ಇದ್ದದ್ದು ಈ ಪ್ಯಾಕ್ ಮೇಲೆ ಅಷ್ಟಾಗಿ ಅಲ್ಲ. ಲೀಗ್ ತನ್ನದೇ ಒಂದು ಹೊಸ ಚಾನಲ್ ತೆಗೆಯುವುದರಲ್ಲಿತ್ತು, ಅದು 2009ರಲ್ಲಿ ಶುರುವಾಯಿತು. ಅದನ್ನೂ ಎಲ್ಲರ ಮನೆಗೆ ಮುಟ್ಟಿಸಿ, ಆಗ ಪ್ಯಾಕ್ ಕೊಡುತ್ತೇವೆ ಅಂತ ಪಟ್ಟು. ಸಂತೆಯಲ್ಲಿ ಒಳ್ಳೆ ಎತ್ತಿನ ಜೊತೆ ಎಳೆಗರುವನ್ನೂ ಕಟ್ಟಿ ಮಾರುವ ಲೆಕ್ಕ, ಅಲ್ವಾ?

ಗಡಿನಾಡ ಗೂಗ್ಲಿ:
ಬೌಲರ್ ಅವರೇ, ಸ್ವಲ್ಪ ಜಾಸ್ತಿನೇ ಲೀಗ್ ಪರ ಮಾತಾಡಿದಿರಿ. ಅಲ್ಲಿನ ಫುಟ್‌ಬಾಲ್ ನೋಡಿ, ತಂಡಕ್ಕೆ 17 ಆಟ ಅಷ್ಟೇ, ಆದರೂ ಇದೇ ಕಥೆ. ಭಾನುವಾರದ ಹೊರ ಊರಿನ ಆಟಗಳ ಪ್ಯಾಕ್ 1994ರಿಂದ 2022ರವರೆಗೆ ಡೈರೆಕ್‌ಟಿವಿ ಬಳಿ ಇತ್ತು, 2023ರಿಂದ ಯೂಟ್ಯೂಬ್ ಬಳಿ. ರೇಟು ಬೇಕಂತಲೇ ಏರಿಸಿ ಇಟ್ಟಿದ್ದಾರೆ, ಇಲ್ಲದಿದ್ದರೆ ಊರಿನ ಆಟವನ್ನು ಪುಕ್ಕಟೆ ತೋರಿಸುವ ಚಾನಲ್‌ಗಳಿಗೆ ನೋಡುವವರು ಕಡಿಮೆಯಾಗುತ್ತಾರೆ ಅಂತ ಗ್ರಾಹಕರು ಕೇಸು ಹಾಕಿದರು. ಸೀಸನ್‌ಗೆ 70 ಡಾಲರ್‌ಗೆ ಮಾರುತ್ತೇವೆ ಅಂತ ಇಎಸ್‌ಪಿಎನ್ ಮುಂದೆ ಬಂದಿದ್ದೂ, ಲೀಗ್ ಬೇಡ ಅಂದಿದ್ದೂ ಆ ಕೋರ್ಟಿನಲ್ಲೇ ಹೊರಬಿತ್ತು. 2024ರ ಜೂನ್‌ನಲ್ಲಿ ಜ್ಯೂರಿ 470 ಕೋಟಿ ಡಾಲರ್ ಪರಿಹಾರ ಕೊಡಿ ಅಂದಿತು. ಆಗಸ್ಟ್‌ನಲ್ಲಿ ಜಡ್ಜ್ ಅದನ್ನು ತಳ್ಳಿಹಾಕಿದರು. ಆಟ ಎಷ್ಟು ಅನ್ನುವುದು ನೆಪ ರೀ, ಯಾರ ಜೇಬು ಕಾಯಬೇಕು ಅನ್ನುವುದೇ ಮುಖ್ಯ.

ಇಂಡಿ ಲಿಂಬೆಹಣ್ಣು:
ನಮ್ಮಲ್ಲಿ ಊರು ಕೇಳುವುದಿಲ್ಲ, ನಿಜ. ಐಪಿಎಲ್ ಹಕ್ಕು ಪೂರ್ತಿ ಬಿಸಿಸಿಐನದ್ದು. 2023ರಿಂದ 27ರವರೆಗಿನದ್ದನ್ನು 48,390 ಕೋಟಿಗೆ ಮಾರಿದಾಗ ಟಿವಿ ಬೇರೆ, ಮೊಬೈಲ್ ಬೇರೆ, ವಿದೇಶ ಬೇರೆ ಅಂತ ಹೋಳು ಮಾಡಿದರು. ಆದರೆ ನಿಮ್ಮ ಮನೆಯಲ್ಲಿ ಯಾವ ಡಬ್ಬ ಇದೆ ಅಂತ ಇಲ್ಲೂ ಕೇಳುತ್ತಾರೆ. ವಿಜಯಪುರದಲ್ಲಿ ನಮ್ಮ ಮನೆಗೆ ಕೇಬಲ್, ಹಳ್ಳಿಯಲ್ಲಿ ಅಜ್ಜಿಗೆ ಫ್ರೀ ಡಿಶ್. ಭಾರತದ ಒನ್‌ಡೇ ಇದ್ದಾಗ ಅಜ್ಜಿಗೆ ದೂರದರ್ಶನದಲ್ಲಿ ಮ್ಯಾಚ್ ಬರುತ್ತದೆ, ನಮಗೆ ಅದೇ ದೂರದರ್ಶನದಲ್ಲಿ ಬೇರೆ ಏನೋ. ನಾನು ಸುಮ್ನೆ ಕೇಬಲ್ ಹುಡುಗನನ್ನು ಬೈಯುತ್ತಿದ್ದೆ. 2007ರ ಕಾಯ್ದೆ ಪ್ರಕಾರ ಮುಖ್ಯ ಮ್ಯಾಚ್‌ಗಳನ್ನು ದೂರದರ್ಶನದ ಜೊತೆ ಹಂಚಿಕೊಳ್ಳಬೇಕು. ಆದರೆ ಅದು ಆಂಟೆನಾ ಮತ್ತು ಫ್ರೀ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್‌ಗೆ ಇಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಮ್ಯಾಚ್ ದಿನ ನಾನು ಅಜ್ಜಿ ಮನೆಗೆ ಹೋಗುತ್ತೇನೆ. ರೊಟ್ಟಿ, ಶೇಂಗಾ ಹಿಂಡಿಯೂ ಸಿಗುತ್ತದೆ.

ಟಿಳಕವಾಡಿ ತಮ್ಮ:
ಎಲ್ಲವನ್ನೂ ಅಣ್ಣನಿಗೆ ಕಳಿಸಿದೆ. ಹಾಗಾದರೆ ಆ ನಾಲ್ಕಾರು ಆಟಕ್ಕಾಗಿ ಡಲ್ಲಾಸ್‌ನವರಿಗೂ ದುಡ್ಡು ಕಟ್ಟಬೇಕಾ ಅಂತ ಕೇಳಿದ. ಹೌದು ಅಂದೆ. ಫೋನ್ ಅವ್ವನಿಗೆ ಕೊಡು ಅಂದ.